ಗ್ವಾಡಿ ಕೊರೆಯೋ ಮುಂಚೆ: ಆಫೀಸಿಗೆ ಯಾವ ನೆಟ್‌ವರ್ಕ್ ವೈರ್?

ನೆಟ್‌ವರ್ಕ್ ವೈರಿಂಗ್ ನನ್ನ ಧಂದೆ. ಹೋದ ತಿಂಗಳು ಒಂದೇ ವಾರದಲ್ಲಿ ಮೂವರು ಒಂದೇ ಪ್ರಶ್ನೆ ಕೇಳಿದರು: ಯಾವ ವೈರ್ ಹಾಕಿಸಲಿ? ಬೆಳಗಾವಿಯ ಉದ್ಯಮಬಾಗದಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷೀನು ಇಟ್ಟುಕೊಂಡವರು ಒಬ್ಬರು. ಬಾಗಲಕೋಟೆ ನವನಗರದ ಒಂದು ಪತ್ತಿನ ಸಹಕಾರಿ ಸಂಘದ ಮ್ಯಾನೇಜರು ಇನ್ನೊಬ್ಬರು. ಮೂರನೆಯವರು ವಿಜಯಪುರದಲ್ಲಿ ಮೂರು ಅಂತಸ್ತಿನ ನರ್ಸಿಂಗ್ ಹೋಮ್ ನಡೆಸುವ ಡಾಕ್ಟರು. ಮೂವರ ಕೈಯಲ್ಲೂ ಎರಡು ಮೂರು ಕೊಟೇಶನ್. ಒಂದರಲ್ಲಿ ಕ್ಯಾಟ್ 5ಇ, ಇನ್ನೊಂದರಲ್ಲಿ ಕ್ಯಾಟ್ 6, ಮತ್ತೊಂದರಲ್ಲಿ ಕ್ಯಾಟ್ 6ಎ. ಕ್ಯಾಟ್ ಅಂದರೆ ಕ್ಯಾಟಗರಿ, ವೈರ್‌ನ ದರ್ಜೆ. ಡಾಕ್ಟರ ಹತ್ತಿರ ಇದ್ದ ಒಂದರಲ್ಲಂತೂ ಕ್ಯಾಟ್ 7 ಅಂತ ದಪ್ಪ ಅಕ್ಷರದಲ್ಲಿ ಬರೆದಿತ್ತು.

"ನಂಬರ್ ಜಾಸ್ತಿ ಇದ್ದಷ್ಟೂ ಚಲೋ ಅಲ್ರೀ ಸರ?" ಅಂತ ಮ್ಯಾನೇಜರು ಕೇಳಿದರು.

ಅಷ್ಟು ಸುಲಭ ಆಗಿದ್ದರೆ ಇದನ್ನು ಬರೆಯುವ ಕೆಲಸವೇ ಇರುತ್ತಿರಲಿಲ್ಲ. ನಂಬರ್ ನೋಡಿ ವೈರ್ ತಗೊಳ್ಳುವುದು ಅಂದರೆ ಅಳತೆ ಕೊಡದೇ ಅಂಗಿ ಹೊಲಿಸಿದ ಹಾಗೆ. ಮೊದಲು ಅಳತೆ ಹೇಳುತ್ತೇನೆ, ಆಮೇಲೆ ಒಂದೊಂದೇ ಬಟ್ಟೆ ನೋಡೋಣ.

ರೂಲು ಅಂತ ಒಂದಿದೆ

1991ಕ್ಕಿಂತ ಮುಂಚೆ ಒಂದೊಂದು ಕಂಪ್ಯೂಟರ್ ಕಂಪನಿಯದು ಒಂದೊಂದು ನಮೂನೆಯ ವೈರ್ ಇತ್ತು. ಕಂಪ್ಯೂಟರ್ ಬದಲಿಸಿದರೆ ಗೋಡೆಯೊಳಗಿನ ವೈರೂ ಕೀಳಬೇಕು. ಈ ರಗಳೆ ತಪ್ಪಿಸಲು ಆ ವರ್ಷ ಅಮೆರಿಕದಲ್ಲಿ 568 ಅನ್ನುವ ಮಾನದಂಡ ಬಂತು. ಈಗ ಅದನ್ನು ಅಲ್ಲಿಯ ಟೆಲಿಕಾಂ ಉದ್ಯಮದ ಸಂಘ ಟಿಐಎ ಹೆಸರಿನಲ್ಲಿ ಟಿಐಎ-568 ಅನ್ನುತ್ತಾರೆ. 1995ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ/ಐಇಸಿ 11801 ಬಂತು. ಎರಡರ ತಿರುಳು ಹೆಚ್ಚು ಕಡಿಮೆ ಒಂದೇ. ನಮ್ಮಲ್ಲಿ ಟೆಂಡರ್ ಬರೆಯುವವರು ಎರಡನ್ನೂ ಬಳಸುತ್ತಾರೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 8ನೇ ಭಾಗದಲ್ಲೂ ಇಂಥ ವೈರಿಂಗಿಗೆ ಅಂತಲೇ ಒಂದು ವಿಭಾಗ ಇದೆ.

ಮಾಲೀಕರಿಗೆ ಗೊತ್ತಿರಬೇಕಾದ್ದು ಇಷ್ಟೇ. ಮಹಡಿಗೊಂದು ನೆಟ್‌ವರ್ಕ್ ಸಾಮಾನಿನ ಕಪಾಟು, ಅಂದರೆ ರ‍್ಯಾಕ್. ಅಲ್ಲಿಂದ ಒಂದೊಂದು ಪಾಯಿಂಟಿಗೂ ಬೇರೆ ಬೇರೆ ವೈರ್, ನಡುವೆ ಎಲ್ಲೂ ಜಾಯಿಂಟ್ ಇಲ್ಲ. ರ‍್ಯಾಕಿನ ಪ್ಯಾಚ್ ಪ್ಯಾನೆಲ್‌ನಿಂದ, ಅಂದರೆ ಎಲ್ಲಾ ವೈರ್ ಬಂದು ಸೇರುವ ಪಟ್ಟಿಯಿಂದ, ಗೋಡೆಯ ಜ್ಯಾಕ್‌ವರೆಗೆ 90 ಮೀಟರ್ ದಾಟಬಾರದು. ಎರಡೂ ತುದಿಯ ತುಂಡು ವೈರ್‌ಗಳು, ಅಂದರೆ ಪ್ಯಾಚ್ ಕಾರ್ಡ್‌ಗಳು, ಸೇರಿ ಇನ್ನು 10 ಮೀಟರ್. ಒಟ್ಟು 100. ಕೂರುವ ಪ್ರತಿ ಜಾಗಕ್ಕೂ ಕಡಿಮೆ ಅಂದರೆ ಎರಡು ಪಾಯಿಂಟ್.

ಈ 90 ಮೀಟರ್ ನಕಾಶೆಯ ಮೇಲೆ ಸ್ಕೇಲ್ ಇಟ್ಟು ಅಳೆಯುವ 90 ಅಲ್ಲ. ವೈರ್ ರ‍್ಯಾಕಿನಿಂದ ಮೇಲೆ ಹತ್ತಬೇಕು, ಫಾಲ್ಸ್ ಸೀಲಿಂಗ್ ಮೇಲೆ ಸುತ್ತು ಹಾಕಬೇಕು, ಮತ್ತೆ ಕೆಳಗೆ ಇಳಿಯಬೇಕು. ನಕಾಶೆಯಲ್ಲಿ 70 ಕಂಡದ್ದು ಕೈಯಲ್ಲಿ 90 ಆಗುವುದು ದಿನದ ಮಾತು.

ಯಾವುದರ ಮೇಲೆ ತೂಗಬೇಕು

ಮೊದಲನೆಯದು ಗೋಡೆ. ಇದು ಯಾರ ಗೋಡೆ, ಮತ್ತೆ ಯಾವಾಗ ಒಡೆಯಬಹುದು? ನೆಟ್‌ವರ್ಕ್ ಸ್ವಿಚ್ಚು (ವೈರ್‌ಗಳನ್ನೆಲ್ಲಾ ಜೋಡಿಸುವ ಡಬ್ಬಿ), ಕಂಪ್ಯೂಟರು ಐದಾರು ವರ್ಷಕ್ಕೆ ಬದಲಾಗುತ್ತವೆ. ಗೋಡೆಯೊಳಗಿನ ವೈರ್ ಹದಿನೈದು ಇಪ್ಪತ್ತು ವರ್ಷ ಹಾಗೇ ಕೂತಿರುತ್ತದೆ. ಬಾಡಿಗೆ ಜಾಗ ಆದರೆ ಲೆಕ್ಕ ಬೇರೆ. ಸ್ವಂತ ಕಟ್ಟಡ, ಅದರಲ್ಲೂ ಗಿಲಾವು ಆಗಿ ಬಣ್ಣ ಬಳಿದದ್ದು ಆದರೆ ಲೆಕ್ಕ ಪೂರ್ತಿ ಬೇರೆ. ನನ್ನ ಮಟ್ಟಿಗೆ ಉಳಿದ ಎಲ್ಲಾ ಪ್ರಶ್ನೆಗಳೂ ಇದರ ಹಿಂದೆ ಬರುತ್ತವೆ.

ಎರಡನೆಯದು ದೂರ. 90ರ ಒಳಗೋ ಹೊರಗೋ? ಒಳಗೆ ಅಂದರೂ 30 ಇದೆಯೋ 85 ಇದೆಯೋ?

ಮೂರನೆಯದು ವೇಗ ಮತ್ತು ಕರೆಂಟು. ವೇಗ ಎಲ್ಲರಿಗೂ ಗೊತ್ತು, ಕರೆಂಟನ್ನು ಎಲ್ಲರೂ ಮರೆಯುತ್ತಾರೆ. ಈಗ ಕ್ಯಾಮೆರಾ, ವೈಫೈ ಡಬ್ಬಿ, ಫೋನ್ ಎಲ್ಲವೂ ಇದೇ ವೈರ್‌ನಿಂದ ಕರೆಂಟ್ ಕುಡಿಯುತ್ತವೆ. ಇದಕ್ಕೆ ಪಿಓಇ ಅನ್ನುತ್ತಾರೆ. 2003ರಲ್ಲಿ ಒಂದು ಪೋರ್ಟಿಗೆ 15.4 ವ್ಯಾಟ್ ಇತ್ತು. 2009ರಲ್ಲಿ 30 ಆಯಿತು. 2018ರ ಮಾನದಂಡದಲ್ಲಿ 90ಕ್ಕೆ ಏರಿತು. ಕಡ್ಡಿಯಷ್ಟು ತೆಳುವಾದ ತಂತಿಯಲ್ಲಿ ಇಷ್ಟು ಕರೆಂಟ್ ಹರಿದರೆ ಅದು ಬಿಸಿ ಆಗೇ ಆಗುತ್ತದೆ. ಇಂಥ ವೈರ್‌ಗಳನ್ನು ಒಂದು ಕಟ್ಟಿಗೆ 24ಕ್ಕಿಂತ ಜಾಸ್ತಿ ಕಟ್ಟಬೇಡಿ ಅನ್ನುವ ಸಲಹೆ ಇರುವುದು ಅದಕ್ಕೇ.

ನಾಲ್ಕನೆಯದು ನಮ್ಮ ಹವೆ. ಕಂಪನಿಯ ಕಾಗದದಲ್ಲಿ ಬರೆದ ಅಳತೆ ಎಲ್ಲಾ 20 ಡಿಗ್ರಿಯದು. ವಿಜಯಪುರದಲ್ಲಿ ಏಪ್ರಿಲ್ ತಿಂಗಳಲ್ಲಿ ತಗಡಿನ ಕೆಳಗೆ, ಫಾಲ್ಸ್ ಸೀಲಿಂಗ್ ಮೇಲೆ ಕೈ ಹಾಕಿ ನೋಡಿ, ರೊಟ್ಟಿ ಬೇಯುತ್ತದೆ. ಬಿಸಿ ಏರಿದಂತೆ ವೈರ್‌ನಲ್ಲಿ ಸಿಗ್ನಲ್ ನಷ್ಟ ಹೆಚ್ಚುತ್ತದೆ. ಮಾಮೂಲಿ ಶೀಲ್ಡ್ (ಹೊರಗಿನ ವಿದ್ಯುತ್ ಗಲಾಟೆ ತಡೆಯುವ ಲೋಹದ ಹೊದಿಕೆ) ಇಲ್ಲದ ವೈರ್‌ನಲ್ಲಿ 20 ಡಿಗ್ರಿಗೆ 90 ಮೀಟರ್ ಇದ್ದದ್ದು 40 ಡಿಗ್ರಿಗೆ ಸುಮಾರು 84ಕ್ಕೆ ಇಳಿಯುತ್ತದೆ, 60 ಡಿಗ್ರಿಗೆ 75ಕ್ಕೆ. ಬೆಳಗಾವಿಯಲ್ಲಿ ಸಮಸ್ಯೆ ಮಳೆಯದು. ಜೂನ್‌ನಿಂದ ನಾಲ್ಕು ತಿಂಗಳು ಗೋಡೆ ಹಸಿ, ಪೈಪಿನೊಳಗೆ ನೀರು. ಅಡ್ಡಮಳೆಯ ಸಿಡಿಲು ಮಾತ್ರ ಮೂರೂ ಜಿಲ್ಲೆಗೆ ಸಮ.

ಕೊನೆಗೆ ದುಡ್ಡು. ವೈರ್‌ನ ದರ ಮಾತ್ರ ನೋಡಬೇಡಿ. ಜ್ಯಾಕ್, ಪ್ಯಾನೆಲ್, ಪೈಪು, ಕೂಲಿ, ಟೆಸ್ಟು ಎಲ್ಲಾ ಕೂಡಿಸಿ ಪಾಯಿಂಟಿಗೆ ಎಷ್ಟು ಬಿತ್ತು ಅಂತ ನೋಡಿ.

ನಂಬರ್ ನೋಡುವ ಮುಂಚೆ ಒಳಗೆ ತಾಮ್ರ ಇದೆಯಾ ನೋಡಿ

ಇದು ನಾನೇ ಬೆರಳು ಸುಟ್ಟುಕೊಂಡ ಕಥೆ. ಕೆಲವು ವರ್ಷದ ಹಿಂದೆ ವಿಜಯಪುರದ ಒಂದು ಗೋದಾಮಿಗೆ ಹನ್ನೆರಡು ಕ್ಯಾಮೆರಾ ಹಾಕಿದ್ದೆ. ಅವಸರದಲ್ಲಿ ಒಂದು ಅಂಗಡಿಯಿಂದ ಅಗ್ಗದ ಕ್ಯಾಟ್ 6 ಡಬ್ಬಿ ತಂದೆ. ಹಗಲಲ್ಲಿ ಎಲ್ಲಾ ಚಲೋ. ಕತ್ತಲಾದ ಕೂಡಲೇ ದೂರದ ನಾಲ್ಕು ಕ್ಯಾಮೆರಾ ಆರಿ ಹೋಗುವುದು, ಮತ್ತೆ ಹತ್ತುವುದು, ಮತ್ತೆ ಆರುವುದು. ಸ್ವಿಚ್ ಬದಲಿಸಿದೆ, ಕ್ಯಾಮೆರಾ ಬದಲಿಸಿದೆ. ಮಾಲೀಕರು ದೆವ್ವದ ಕಾಟ ಅಂದರು. ಮೂರನೇ ರಾತ್ರಿ ವೈರ್ ಕತ್ತರಿಸಿ ಬ್ಲೇಡಿನಿಂದ ಕೆರೆದೆ. ಮೇಲೆ ಕೆಂಪು, ಒಳಗೆ ಬೆಳ್ಳಗೆ. ಅಲ್ಯೂಮಿನಿಯಮ್ ತಂತಿಗೆ ತಾಮ್ರದ ತೆಳು ಲೇಪ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಹತ್ತಿದಾಗ ಕರೆಂಟ್ ಜಾಸ್ತಿ ಬೇಕು. ಆ ವೈರ್‌ನಲ್ಲಿ ವೋಲ್ಟೇಜ್ ಅಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ. ಪೂರ್ತಿ ವೈರ್ ಕಿತ್ತು ನನ್ನ ಖರ್ಚಿನಲ್ಲಿ ಮತ್ತೆ ಎಳೆದೆ.

ಇದನ್ನು ಅಂಗಡಿಯಲ್ಲಿ ಸಿಸಿಎ ಅನ್ನುತ್ತಾರೆ. ಡಬ್ಬಿಯ ಮೇಲೆ ಕ್ಯಾಟ್ 6 ಅಂತ ಬರೆದಿದ್ದರೂ ಅದು ಯಾವ ಕ್ಯಾಟಗರಿಗೂ ಸೇರುವುದಿಲ್ಲ. ಮಾನದಂಡದ ಪ್ರಕಾರ ತಂತಿ ಪೂರ್ತಿ ತಾಮ್ರವೇ ಆಗಿರಬೇಕು. ಅಸಲಿ ಕ್ಯಾಟ್ 5ಇ ವೈರ್ ನಕಲಿ ಕ್ಯಾಟ್ 6ಎಗಿಂತ ನೂರು ಪಾಲು ಮೇಲು.

ಪರೀಕ್ಷೆ ಸುಲಭ. ಒಂದು, ಡಬ್ಬಿ ಎತ್ತಿ ನೋಡಿ. ಅಲ್ಯೂಮಿನಿಯಮ್ ಹಗುರ. ಎರಡು, ಕೆರೆದು ನೋಡಿ. ಮೂರು, ಸ್ವಲ್ಪ ಪುರುಸೊತ್ತಿದ್ದರೆ ಮಲ್ಟಿಮೀಟರ್ ತಗೊಳ್ಳಿ. ತುಂಬಿದ 305 ಮೀಟರ್ ಡಬ್ಬಿಯಲ್ಲಿ ಒಂದು ಜೋಡಿಯ ಎರಡು ತಂತಿಯನ್ನು ಒಂದು ತುದಿಯಲ್ಲಿ ಹೊಸೆಯಿರಿ. ಇನ್ನೊಂದು ತುದಿಯಲ್ಲಿ ಓಮ್ ಅಳೆಯಿರಿ. ತಾಮ್ರದ ತಂತಿಗೆ 100 ಮೀಟರಿಗೆ ಹೆಚ್ಚೆಂದರೆ 9.38 ಓಮ್ ಇರಬಹುದು. ಹೋಗಿ ಬರುವ ಲೆಕ್ಕಕ್ಕೆ ಇಡೀ ಡಬ್ಬಿ 57 ಓಮ್ ಒಳಗೆ ಬರಬೇಕು. ಎಂಬತ್ತರ ಮೇಲೆ ತೋರಿಸಿತೋ, ಡಬ್ಬಿ ವಾಪಸ್ ಕೊಡಿ.

ಕ್ಯಾಟ್ 5ಇ: ಹಳೇ ಎತ್ತು

100 ಮೆಗಾಹರ್ಟ್ಸ್, ಅಂದರೆ ಅಷ್ಟು ಕಂಪನದ ಸಿಗ್ನಲ್ ತನಕ ಪಾಸಾದ ವೈರ್. ಒಂದು ಗಿಗಾಬಿಟ್ (ಸೆಕೆಂಡಿಗೆ ನೂರು ಕೋಟಿ ಬಿಟ್) ವೇಗವನ್ನು ಪೂರ್ತಿ 100 ಮೀಟರ್ ಒಯ್ಯುತ್ತದೆ. 2016ರಲ್ಲಿ ಬಂದ ಮಾನದಂಡದಿಂದ ಇದೇ ವೈರ್‌ನಲ್ಲಿ 2.5 ಗಿಗಾಬಿಟ್ ಕೂಡ ಓಡಿಸಬಹುದು. ಹಾಗಾಗಿ ನಿಮ್ಮ ಕಟ್ಟಡದಲ್ಲಿ ಈಗಾಗಲೇ ಚಲೋ ಕ್ಯಾಟ್ 5ಇ ಇದ್ದರೆ, ಯಾರೋ ಹೆದರಿಸಿದರು ಅಂತ ಕಿತ್ತು ಹಾಕಬೇಡಿ. ಟೆಸ್ಟ್ ಮಾಡಿಸಿ, ಪಾಸಾದರೆ ಹಾಗೇ ಇಟ್ಟುಕೊಳ್ಳಿ.

ಹೊಸದಾಗಿ ಎಳೆಯುವುದಾದರೆ? ನಾನು ಬೇಡ ಅನ್ನುತ್ತೇನೆ. ನವನಗರದ ಸಂಘದ ಲೆಕ್ಕವನ್ನೇ ತಗೊಳ್ಳಿ. 18 ಜನ, ಅಂದರೆ 36 ಪಾಯಿಂಟ್. ಆರು ಕ್ಯಾಮೆರಾ. ಎರಡು ವೈಫೈ ಡಬ್ಬಿಗೆ ನಾಲ್ಕು ಪಾಯಿಂಟ್. ಒಟ್ಟು 46. ಸರಾಸರಿ 25 ಮೀಟರ್ ಹಿಡಿದರೆ 1,150 ಮೀಟರ್, ಅಂದರೆ ನಾಲ್ಕು ಡಬ್ಬಿ. 5ಇ ಮತ್ತು 6ರ ನಡುವೆ ಉಳಿಯುವುದು ನಾಲ್ಕು ಡಬ್ಬಿಯ ದರದ ಫರಕು, ಜೊತೆಗೆ ಜ್ಯಾಕ್‌ಗಳದು ಒಂದಿಷ್ಟು. ಕೂಲಿ, ಪೈಪು, ಗೋಡೆಯ ಪ್ಯಾಚಿಂಗ್, ಗೌಂಡಿಯ ಪಗಾರ ಎಲ್ಲಾ ಅಷ್ಟೇ. ಅಷ್ಟು ಉಳಿಸೋಕೆ ಹೋಗಿ ಹಿಂದಿನ ತಲೆಮಾರಿನ ವೈರ್ ಯಾಕೆ ಹಾಕಬೇಕು, ಅಲ್ವಾ?

ಕ್ಯಾಟ್ 6: ಹೆಚ್ಚಿನವರಿಗೆ ಇದೇ ಸಾಕು

250 ಮೆಗಾಹರ್ಟ್ಸ್. ತಂತಿ ಸ್ವಲ್ಪ ದಪ್ಪ, ತಿರುವು ಬಿಗಿ, ಎಷ್ಟೋ ಕಂಪನಿಗಳದರಲ್ಲಿ ನಾಲ್ಕು ಜೋಡಿಯ ನಡುವೆ ಪ್ಲಸ್ ಆಕಾರದ ಪ್ಲಾಸ್ಟಿಕ್ ಇರುತ್ತದೆ. ಒಂದು ಗಿಗಾಬಿಟ್ ಆರಾಮ, 5 ಗಿಗಾಬಿಟ್ ಕೂಡ 100 ಮೀಟರ್‌ವರೆಗೆ. 10 ಗಿಗಾಬಿಟ್ ಬೇಕಾದರೆ 55 ಮೀಟರ್‌ವರೆಗೆ ಸಿಗಬಹುದು. ವೈರ್‌ಗಳು ಒತ್ತೊತ್ತಾಗಿ ಕಟ್ಟಿ ಮಲಗಿದ್ದರೆ 37ರ ಮೇಲೆ ಭರವಸೆ ಇಡಬೇಡಿ. ಪಕ್ಕದ ವೈರ್‌ನ ಮಾತು ಇದಕ್ಕೆ ಕೇಳಿಸುತ್ತದೆ, ಅದೇ ಕಾರಣ.

ಬ್ಯಾಂಕ್, ಪತ್ತಿನ ಸಂಘ, ವಕೀಲರ ಆಫೀಸು, ಆಡಿಟರ್ ಆಫೀಸು, ಶಾಲೆ, ಬಟ್ಟೆ ಅಂಗಡಿ, ಸಣ್ಣ ಲಾಡ್ಜು. ಇವರಿಗೆಲ್ಲಾ ಕ್ಯಾಟ್ 6 ಶೀಲ್ಡ್ ಇಲ್ಲದ್ದು, ಅಂದರೆ ಯು/ಯುಟಿಪಿ, ಧಾರಾಳ ಸಾಕು. ಬಾಡಿಗೆ ಜಾಗ ಆದರೆ ಕಣ್ಣು ಮುಚ್ಚಿ ಇದನ್ನೇ ಹಾಕಿ. ಕೇಸಿಂಗ್ ಪಟ್ಟಿಯಲ್ಲಿ ಹೊರಗೆ ಎಳೆಸಿದರೆ ಜಾಗ ಬಿಡುವಾಗ ರ‍್ಯಾಕು, ಪ್ಯಾನೆಲ್ಲು ಬಿಚ್ಚಿಕೊಂಡು ಹೋಗಬಹುದು. ನವನಗರದಲ್ಲಿ ಇದು ನೆನಪಿಡುವ ಮಾತು. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಬಿಟ್ಟು ಬಂದವರು ಕಟ್ಟಿದ ಊರದು, ಎಷ್ಟೋ ಆಫೀಸುಗಳು ಮನೆ ಅಂತ ಕಟ್ಟಿದ ಕಟ್ಟಡದಲ್ಲೇ ನಡೆಯುತ್ತಿವೆ. ಮನೆಯ ಗೋಡೆಗೆ ನೆಟ್‌ವರ್ಕ್ ಪೈಪ್ ಯಾರೂ ಬಿಟ್ಟಿರುವುದಿಲ್ಲ.

ಕ್ಯಾಟ್ 6ಎ: ಸ್ವಂತ ಗೋಡೆ ಇದ್ದವರಿಗೆ

500 ಮೆಗಾಹರ್ಟ್ಸ್. 10 ಗಿಗಾಬಿಟ್ ಪೂರ್ತಿ 100 ಮೀಟರ್. ದೊಡ್ಡ ಪಿಓಇಗೂ ಇದೇ ವಾಸಿ, ಬಿಸಿ ಕಡಿಮೆ.

ಹಾಗಾದರೆ ಎಲ್ಲರೂ ಯಾಕೆ ಹಾಕಬಾರದು? ಎರಡು ಅಡ್ಡಿ. ಒಂದು ದರ. ನಾನು ನೋಡಿದ ಕೊಟೇಶನ್‌ಗಳಲ್ಲಿ ವೈರು, ಜ್ಯಾಕು, ಪ್ಯಾನೆಲ್ಲು, ಪ್ಯಾಚ್ ಕಾರ್ಡು ಸೇರಿ ಕ್ಯಾಟ್ 6ರ ಒಂದೂವರೆ ಪಟ್ಟು ದಾಟುವುದು ಮಾಮೂಲಿ. ಇನ್ನೊಂದು ದಪ್ಪ. ಇದು ಕೊಟೇಶನ್‌ನಲ್ಲಿ ಕಾಣುವುದಿಲ್ಲ. ಕ್ಯಾಟ್ 6 ಸುಮಾರು 6 ಮಿಲಿಮೀಟರ್ ಇದ್ದರೆ ಇದು ಏಳೂವರೆ, ಎಂಟು. ಪೈಪನ್ನು ನೂರಕ್ಕೆ 40ರಷ್ಟು ಮಾತ್ರ ತುಂಬಬೇಕು ಅನ್ನುವುದು ರೂಲು. ಅದರ ಪ್ರಕಾರ 25 ಎಂಎಂ ಪೈಪಿನಲ್ಲಿ ಕ್ಯಾಟ್ 6 ನಾಲ್ಕೈದು ಹೋದರೆ 6ಎ ಎರಡು ಮೂರೇ. ಗಿಲಾವಿನೊಳಗೆ 20 ಎಂಎಂ ಪೈಪ್ ಹಾಕಿ ಮುಗಿಸಿದವರು 6ಎ ಡಬ್ಬಿ ತಂದು ನಿಂತರೆ ನಾನಾದರೂ ಏನು ಮಾಡಲಿ? ತುರುಕಿ ಎಳೆದರೆ ವೈರ್ ಸಾಯುತ್ತದೆ. ಎಳೆಯುವ ಬಲ 11 ಕಿಲೋ ದಾಟಬಾರದು. ನಮ್ಮ ಹುಡುಗರು ಕಾಲು ಗೋಡೆಗೆ ಕೊಟ್ಟು ಜಗ್ಗುವುದನ್ನು ನೀವು ನೋಡಿಲ್ಲ.

ಹೊಸ ಕಟ್ಟಡ, ಸ್ವಂತದ್ದು, ಮೇಲಾಗಿ ಎಕ್ಸ್‌ರೇ, ಸಿಟಿ ಸ್ಕ್ಯಾನ್ ಚಿತ್ರಗಳಂಥ ದೊಡ್ಡ ಫೈಲ್ ಓಡಾಡುವ ಆಸ್ಪತ್ರೆ, ಇಂಜಿನಿಯರಿಂಗ್ ಕಾಲೇಜು, ಡಿಸೈನ್ ಆಫೀಸು ಆದರೆ 6ಎ ಹಾಕಿ. ದುಡ್ಡು ಅಷ್ಟಿಲ್ಲ ಅಂದರೆ ನಡುವಿನ ದಾರಿ ಇದೆ. ವೈಫೈ ಡಬ್ಬಿ ಬರುವ ಜಾಗಗಳಿಗೆ ಮಾತ್ರ 6ಎ, ಮೇಜುಗಳಿಗೆ ಕ್ಯಾಟ್ 6. ಒಂದೊಂದು ವೈಫೈ ಡಬ್ಬಿಗೂ ಎರಡು 6ಎ ವೈರ್ ಎಳೆಯಿರಿ ಅಂತ ಟಿಐಎಯ ವೈಫೈ ಮಾರ್ಗಸೂಚಿಯೇ ಹೇಳುತ್ತದೆ. ಬೇಕಾದರೆ ಇವತ್ತು ಒಂದೇ ಜೋಡಿಸಿ, ಇನ್ನೊಂದು ಮೇಲೆ ಸುತ್ತಿ ಇಡಿ.

"ಎಲ್ಲಾ ವೈಫೈ ಮಾಡ್ಸಿಬಿಡ್ತೀನ್ರೀ, ವೈರೇ ಬ್ಯಾಡ" ಅನ್ನುವವರಿಗೂ ಉತ್ತರ ಇದರಲ್ಲೇ ಇದೆ. ವೈಫೈ ಡಬ್ಬಿಗೇ ವೈರ್ ಬೇಕು. ಬಿಲ್ಲಿಂಗ್ ಕೌಂಟರು, ಕ್ಯಾಮೆರಾ, ಪ್ರಿಂಟರು ವೈರ್ ಮೇಲೇ ಇರಲಿ. ಮೊಬೈಲು, ಲ್ಯಾಪ್‌ಟಾಪು ಗಾಳಿಯಲ್ಲಿ ಓಡಲಿ.

ಕ್ಯಾಟ್ 7, ಕ್ಯಾಟ್ 8

ಚಿಕ್ಕದಾಗಿ ಮುಗಿಸುತ್ತೇನೆ. ಕ್ಯಾಟ್ 7 ಐಎಸ್‌ಒದಲ್ಲಿದೆ, ಟಿಐಎ ಅದನ್ನು ಒಪ್ಪಿಕೊಂಡೇ ಇಲ್ಲ. ಅದರ ಅಸಲಿ ಜ್ಯಾಕ್ ನಮ್ಮ ಮಾಮೂಲಿ ಆರ್‌ಜೆ45 ಅಲ್ಲ. ಕ್ಯಾಟ್ 7 ವೈರಿಗೆ ಆರ್‌ಜೆ45 ಜ್ಯಾಕ್ ಹಾಕಿದರೆ ನಿಮಗೆ ಸಿಗುವುದು 6ಎ, ಕೊಡುವುದು ಜಾಸ್ತಿ ದುಡ್ಡು. ಕ್ಯಾಟ್ 8 ಬರೀ 30 ಮೀಟರ್ ಓಡುತ್ತದೆ, ಡೇಟಾ ಸೆಂಟರಿನ ರ‍್ಯಾಕ್‌ಗಳ ನಡುವೆ. ಡಾಕ್ಟರ ಆ ಕೊಟೇಶನ್ನನ್ನು ಮಡಚಿ ಪಕ್ಕಕ್ಕೆ ಇಡಿಸಿದೆ.

ಶೀಲ್ಡ್ ಬೇಕೋ ಬೇಡವೋ

ಉದ್ಯಮಬಾಗದವರ ಪ್ರಶ್ನೆ ಇದು. ಫೌಂಡ್ರಿ, ಮಷೀನ್ ಶಾಪ್‌ಗಳ ಏರಿಯಾ. ದೊಡ್ಡ ಮೋಟರು, ಅದರ ವೇಗ ಬದಲಿಸುವ ವಿಎಫ್‌ಡಿ, ಪಕ್ಕದ ಶೆಡ್ಡಿನಲ್ಲಿ ವೆಲ್ಡಿಂಗ್. ಇಂಥ ಕಡೆ ಶೀಲ್ಡ್ ಇಲ್ಲದ ವೈರ್ ಆಗಾಗ ಉಸಿರುಗಟ್ಟುತ್ತದೆ. ಫಾಯಿಲ್ ಸುತ್ತಿದ ಎಫ್/ಯುಟಿಪಿ ಅಥವಾ ಜೋಡಿಗೊಂದು ಫಾಯಿಲ್, ಮೇಲೊಂದು ಜಾಳಿಗೆ ಇರುವ ಎಸ್/ಎಫ್‌ಟಿಪಿ ಕೆಲಸಕ್ಕೆ ಬರುತ್ತದೆ.

ಆದರೆ ಒಂದು ಷರತ್ತು. ಶೀಲ್ಡ್ ಅರ್ಥ್ ಆಗಲೇಬೇಕು. ಜ್ಯಾಕೂ ಶೀಲ್ಡ್ ಇರುವಂಥದ್ದು, ಪ್ಯಾನೆಲ್ಲೂ ಅಂಥದ್ದು, ರ‍್ಯಾಕ್‌ನಿಂದ ಕಟ್ಟಡದ ಅರ್ಥಿಂಗ್ ಪಟ್ಟಿಗೆ ದಪ್ಪ ತಂತಿ. ಇದರಲ್ಲಿ ಒಂದು ಕೊಂಡಿ ಕಳಚಿದರೂ ಶೀಲ್ಡಿಗೆ ಕೊಟ್ಟ ದುಡ್ಡು ದಂಡ. ಮಾಮೂಲಿ ಪ್ಲಾಸ್ಟಿಕ್ ಜ್ಯಾಕಿಗೆ ಶೀಲ್ಡ್ ವೈರ್ ಹಾಕಿ, ಫಾಯಿಲ್ ಕತ್ತರಿಸಿ ಬಿಟ್ಟದ್ದನ್ನು ಎಷ್ಟೋ ಕಡೆ ನೋಡಿದ್ದೇನೆ. ಎರೆ ಮಣ್ಣಿನ ಊರುಗಳಲ್ಲಿ ಇನ್ನೊಂದು ತಲೆನೋವು. ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು ಅರ್ಥಿಂಗ್ ಗುಂಡಿ ಒಣಗುತ್ತದೆ. ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಅಳತೆ ಮಾಡಿಸಿ, ನೀರು ಹಾಕಿಸಿ.

ಬರೀ ಆಫೀಸು ಆದರೆ ಶೀಲ್ಡ್ ಗೊಡವೆ ಬೇಡ. ಕರೆಂಟ್ ವೈರ್ ಮತ್ತು ಡೇಟಾ ವೈರ್‌ನ ಪೈಪು ಬೇರೆ ಬೇರೆ ಇಡಿ, ಅಡ್ಡ ಬಂದಲ್ಲಿ ಲಂಬಕೋನದಲ್ಲಿ ದಾಟಿಸಿ. ಅಷ್ಟೇ ಸಾಕು.

ಫೈಬರ್ ಎಲ್ಲಿ, ಯಾಕೆ

ಫೈಬರ್ ಅಂದರೆ ಬೆಳಕಿನಲ್ಲಿ ಡೇಟಾ ಒಯ್ಯುವ ಗಾಜಿನ ಎಳೆ. ಮೂರು ಕಡೆ ಫೈಬರ್ ಬಿಟ್ಟು ಬೇರೆ ಮಾತೇ ಇಲ್ಲ. 90 ಮೀಟರ್ ದಾಟಿದರೆ, ಮಹಡಿಯಿಂದ ಮಹಡಿಗೆ ರ‍್ಯಾಕ್ ಜೋಡಿಸುವಾಗ, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗುವಾಗ. ಕೊನೆಯದನ್ನು ಒತ್ತಿ ಹೇಳುತ್ತೇನೆ. ಎರಡು ಕಟ್ಟಡಗಳ ನಡುವೆ ತಾಮ್ರದ ವೈರ್ ಎಳೆದರೆ ಸಿಡಿಲಿಗೆ ದಾರಿ ಮಾಡಿಕೊಟ್ಟ ಹಾಗೆ. ದೂರದಲ್ಲಿ ಎಲ್ಲೋ ಬಿದ್ದರೂ ಎರಡೂ ಕಡೆಯ ಸ್ವಿಚ್ಚು ಒಟ್ಟಿಗೆ ಸುಡಬಹುದು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ.

ಫೈಬರ್‌ನಲ್ಲೂ ಎರಡು ಜಾತಿ. ಮಲ್ಟಿಮೋಡ್‌ನಲ್ಲಿ ಓಎಂ3 ದರ್ಜೆ ಆದರೆ 10 ಗಿಗಾಬಿಟ್ 300 ಮೀಟರ್, ಓಎಂ4 ಆದರೆ 400. ಸಿಂಗಲ್ ಮೋಡ್, ಅಂದರೆ ಓಎಸ್2, ಕಿಲೋಮೀಟರ್‌ಗಟ್ಟಲೆ. ಮುಂಚೆ ಸಿಂಗಲ್ ಮೋಡ್‌ನ ತುದಿಗೆ ಸಿಕ್ಕಿಸುವ, ಕರೆಂಟಿನ ಸಿಗ್ನಲನ್ನು ಬೆಳಕು ಮಾಡುವ ಎಸ್‌ಎಫ್‌ಪಿ ಬಲು ದುಬಾರಿ ಇತ್ತು, ಅದಕ್ಕೇ ಒಳಗಡೆ ಮಲ್ಟಿಮೋಡ್ ಹಾಕುತ್ತಿದ್ದರು. ಈಗ ಆ ಫರಕು ತೀರಾ ಕಡಿಮೆ ಆಗಿದೆ. ನನ್ನ ಓಟು ಸಿಂಗಲ್ ಮೋಡಿಗೆ. ಇನ್ನೊಂದು ನಮ್ಮ ಊರಿನ ಕಾರಣವೂ ಇದೆ. ಮನೆ ಮನೆಗೆ ಫೈಬರ್ ಇಂಟರ್‌ನೆಟ್ ಬಂದ ಮೇಲೆ ಸಿಂಗಲ್ ಮೋಡ್ ಜೋಡಿಸುವ ಮಷೀನ್ ಇಟ್ಟುಕೊಂಡ ಹುಡುಗರು ತಾಲೂಕಿಗೊಬ್ಬರು ಸಿಗುತ್ತಾರೆ. ಇಲಿ ಕಡಿದರೆ ಅವತ್ತೇ ರಿಪೇರಿ.

ಇಲಿ ಅಂದ ಕೂಡಲೇ ನೆನಪಾಯಿತು. ನೆಲದೊಳಗೆ ಹೋಗುವ ಫೈಬರ್‌ಗೆ ಉಕ್ಕಿನ ಕವಚ ಇರುವುದನ್ನು ತಗೊಳ್ಳಿ, ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪಿನಲ್ಲಿ ಹಾಕಿ. ಆ ಉಕ್ಕಿನ ಕವಚ ಕಟ್ಟಡದೊಳಗೆ ಬರುವ ಜಾಗದಲ್ಲಿ ಅರ್ಥ್ ಆಗಬೇಕು. ಇಲ್ಲದಿದ್ದರೆ ಸಿಡಿಲು ಅದರ ಮೇಲೆ ಸವಾರಿ ಮಾಡುತ್ತದೆ. ಎರಡು ಎಳೆ ಬೇಕಾದ ಕಡೆ ಆರು ಎಳೆಯ ಫೈಬರ್ ಹಾಕಿ, ದರದಲ್ಲಿ ಹೆಚ್ಚು ಕಡಿಮೆ ಏನಿಲ್ಲ.

ಮೇಲಿನ ಸಿಪ್ಪೆ

ಮಾಮೂಲಿ ವೈರ್‌ನ ಸಿಪ್ಪೆ ಪಿವಿಸಿ. ಬೆಂಕಿ ಬಿದ್ದರೆ ಕಪ್ಪು ಹೊಗೆ, ಜೊತೆಗೆ ಗಂಟಲು ಸುಡುವ ಆಮ್ಲದ ಗಾಳಿ. ಎಲ್‌ಎಸ್‌ಜೆಡ್‌ಎಚ್ ಸಿಪ್ಪೆಯಲ್ಲಿ ಹೊಗೆ ಕಡಿಮೆ, ಆ ಆಮ್ಲ ಇಲ್ಲ. ಓಡಲಾರದ ಜನ ಇರುವ ಕಡೆ, ಅಂದರೆ ಆಸ್ಪತ್ರೆ, ಹಾಸ್ಟೆಲ್, ಲಾಡ್ಜ್, ಇದನ್ನು ಬಿಟ್ಟು ಬೇರೆ ಹಾಕಬೇಡಿ. ಇಲ್ಲಿ ದುಡ್ಡಿನ ಚೌಕಾಶಿ ನನಗೆ ಸರಿ ಕಾಣುವುದಿಲ್ಲ. ತಾರಸಿಯ ಮೇಲೆ, ಹೊರಗೋಡೆಯ ಮೇಲೆ ಹೋಗುವ ವೈರಿಗೆ ಕಪ್ಪು ಪಿಇ (ಪಾಲಿಥಿನ್) ಸಿಪ್ಪೆ ಬೇಕು. ಒಳಗಿನ ಬೂದು ವೈರ್ ನಮ್ಮ ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಹಪ್ಪಳ ಆಗುತ್ತದೆ.

ಕೊಟೇಶನ್‌ನಲ್ಲಿ ಬರೆಸಿಕೊಳ್ಳಬೇಕಾದ್ದು

ಒಳ್ಳೇ ವೈರನ್ನೂ ಕೆಟ್ಟ ಕೈ ಹಾಳು ಮಾಡುತ್ತದೆ. ಜ್ಯಾಕಿಗೆ ಕೂರಿಸುವಾಗ ಜೋಡಿಯ ತಿರುವು 13 ಮಿಲಿಮೀಟರಿಗಿಂತ ಜಾಸ್ತಿ ಬಿಚ್ಚಬಾರದು. ತಿರುಗಿಸುವ ಕಡೆ ವೈರ್‌ನ ದಪ್ಪದ ನಾಲ್ಕು ಪಟ್ಟು ತ್ರಿಜ್ಯ ಬಿಡಬೇಕು, ಚೂಪಾಗಿ ಮಡಚಬಾರದು. ಪ್ಲಾಸ್ಟಿಕ್ ಟ್ಯಾಗ್ ಕತ್ತು ಹಿಸುಕುವಂತೆ ಬಿಗಿಯಬಾರದು, ವೆಲ್ಕ್ರೋ ಪಟ್ಟಿ ಇರಲಿ. ಎಂಟು ತಂತಿ ಕೂರಿಸುವ ಬಣ್ಣದ ಕ್ರಮದಲ್ಲಿ ಎ ಮತ್ತು ಬಿ ಅಂತ ಎರಡಿವೆ. ಯಾವುದಾದರೂ ಸರಿ, ಇಡೀ ಕಟ್ಟಡಕ್ಕೆ ಒಂದೇ.

ವೈರ್‌ನ ತುದಿಗೆ ನೇರ ಪ್ಲಗ್ ಕ್ರಿಂಪ್ ಮಾಡಿ ಸ್ವಿಚ್ಚಿಗೆ ಸಿಕ್ಕಿಸುವುದು ನಮ್ಮ ಕಡೆಯ ದೊಡ್ಡ ಚಾಳಿ. ಒಂದು ತುದಿ ಪ್ಯಾಚ್ ಪ್ಯಾನೆಲ್‌ಗೆ, ಇನ್ನೊಂದು ಗೋಡೆಯ ಜ್ಯಾಕಿಗೆ ಹೋಗಬೇಕು. ಕ್ಯಾಮೆರಾ, ವೈಫೈ ಡಬ್ಬಿಗಳ ತುದಿಗೆ ಮಾತ್ರ ನೇರ ಪ್ಲಗ್ ಹಾಕಲು 2018ರ ಟಿಐಎ ಆವೃತ್ತಿಯಲ್ಲಿ ಅವಕಾಶ ಕೊಟ್ಟಿದ್ದಾರೆ.

ಟೆಸ್ಟಿನ ವಿಷಯದಲ್ಲಿ ಮೋಸ ಹೋಗುವವರೇ ಜಾಸ್ತಿ. ಎಂಟು ದೀಪ ಮಿಣುಕುವ ಸಣ್ಣ ಟೆಸ್ಟರ್ ತೋರಿಸಿ "ನೋಡ್ರಿ, ಎಲ್ಲಾ ಓಕೆ" ಅನ್ನುತ್ತಾರೆ. ಅದು ತಂತಿ ತುಂಡಾಗಿಲ್ಲ, ಅದಲು ಬದಲಾಗಿಲ್ಲ ಅಂತ ಮಾತ್ರ ಹೇಳುತ್ತದೆ. ಸರ್ಟಿಫಿಕೇಶನ್ ಟೆಸ್ಟರ್ ಬೇರೆ, ಫ್ಲೂಕ್‌ನಂಥ ಕಂಪನಿಗಳದು. ಬೆಲೆ ಲಕ್ಷಗಳಲ್ಲಿ, ಹಾಗಾಗಿ ಬಾಡಿಗೆಗೆ ತರುತ್ತಾರೆ. ಅದು ಒಂದೊಂದು ಪಾಯಿಂಟಿಗೂ ಉದ್ದ, ಸಿಗ್ನಲ್ ನಷ್ಟ, ಜೋಡಿ ಜೋಡಿಯ ನಡುವಿನ ಗಲಾಟೆ ಎಲ್ಲಾ ಅಳೆದು ರಿಪೋರ್ಟ್ ಕೊಡುತ್ತದೆ. ಪಾಸ್ ಪಕ್ಕದಲ್ಲಿ ನಕ್ಷತ್ರದ ಗುರುತು ಇದ್ದರೆ ಅಂಚಿನಲ್ಲಿ ಪಾಸಾಗಿದೆ ಅಂತ ಅರ್ಥ. ಅಂಥವು ಹತ್ತಿಪ್ಪತ್ತು ಬಂದರೆ ಕಾರಣ ಕೇಳಿ. ಕಂಪನಿಗಳು ಕೊಡುವ 25 ವರ್ಷದ ವಾರಂಟಿ ಕೂಡ ಈ ರಿಪೋರ್ಟ್ ಇದ್ದರೆ ಮಾತ್ರ, ಅದೂ ವೈರು, ಜ್ಯಾಕು, ಪ್ಯಾನೆಲ್ಲು ಒಂದೇ ಕಂಪನಿಯದ್ದಾಗಿದ್ದರೆ, ಅವರ ಅಧಿಕೃತ ಜನರೇ ಹಾಕಿದ್ದರೆ.

ಹಾಗಾಗಿ ಕೊಟೇಶನ್‌ನಲ್ಲಿ ಈ ಮಾತು ಬರೆಸಿ: ಪೂರ್ತಿ ತಾಮ್ರದ ವೈರ್, ಪ್ರತಿ ಪಾಯಿಂಟಿನ ಪರ್ಮನೆಂಟ್ ಲಿಂಕ್ (ಪ್ಯಾನೆಲ್‌ನಿಂದ ಜ್ಯಾಕ್‌ವರೆಗಿನ ವೈರ್) ಟೆಸ್ಟ್ ರಿಪೋರ್ಟ್, ಎರಡೂ ತುದಿಗೆ ಲೇಬಲ್, ಕೊನೆಗೆ ನಕಾಶೆ. ರಿಪೋರ್ಟ್ ಕೈಗೆ ಬರುವತನಕ ಕೊನೆಯ ಕಂತು ಕೊಡಬೇಡಿ. ಈ ಸಾಲು ಓದಿ ನನ್ನ ಧಂದೆಯ ಗೆಳೆಯರು ಬೈಯುತ್ತಾರೆ, ಬೈಯಲಿ.

ಮೂವರು ಏನು ಮಾಡಿದರು

ನವನಗರದ ಮ್ಯಾನೇಜರು ಕ್ಯಾಟ್ 6, ಶೀಲ್ಡ್ ಇಲ್ಲದ್ದು, ಕೇಸಿಂಗ್ ಪಟ್ಟಿಯಲ್ಲಿ ಹಾಕಿಸಿದರು. 6ಎಗೆ ಎತ್ತಿಟ್ಟಿದ್ದ ದುಡ್ಡಿನಲ್ಲಿ ಟೆಸ್ಟ್ ರಿಪೋರ್ಟು, ಒಂದು ಒಳ್ಳೇ ಯುಪಿಎಸ್ಸು ಎರಡೂ ಬಂದವು.

ಉದ್ಯಮಬಾಗದವರು ಆಫೀಸಿನಿಂದ ಶೆಡ್ಡಿಗೆ ಆರು ಎಳೆಯ ಸಿಂಗಲ್ ಮೋಡ್ ಫೈಬರ್ ಒಯ್ದರು. ಶೆಡ್ಡಿನಲ್ಲಿ ಗೋಡೆಗೆ ತೂಗುವ ಸಣ್ಣ ರ‍್ಯಾಕ್, ಅಲ್ಲಿಂದ ಮಷೀನುಗಳಿಗೆ ಶೀಲ್ಡ್ ಇರುವ ಕ್ಯಾಟ್ 6ಎ. ಆಫೀಸಿನೊಳಗೆ ಸಾದಾ ಕ್ಯಾಟ್ 6. ಒಂದೇ ಕಂಪೌಂಡಿನಲ್ಲಿ ಮೂರು ನಮೂನೆ ಆಯಿತು ಅಂತ ಅವರಿಗೆ ಸ್ವಲ್ಪ ಬೇಜಾರು. ಮೂರೂ ಕಡೆ ಕೆಲಸ ಬೇರೆ, ಅದಕ್ಕೆ ವೈರೂ ಬೇರೆ ಅಂದೆ.

ಡಾಕ್ಟರದು ಇನ್ನೂ ಮುಗಿದಿಲ್ಲ. ಎಲ್‌ಎಸ್‌ಜೆಡ್‌ಎಚ್ ಸಿಪ್ಪೆಯ 6ಎ ಅಂತ ತೀರ್ಮಾನ ಆಗಿದೆ. ರ‍್ಯಾಕ್ ಒಂದೇ ಸಾಕು, ಕೆಳಗಿನ ಮಹಡಿಯಲ್ಲೇ ಇರಲಿ ಅನ್ನುವುದು ಅವರ ಹಟ. ಸರಿ, ಹಾಗಾದರೆ ರ‍್ಯಾಕಿನ ಜಾಗದಿಂದ ಮೂರನೇ ಮಹಡಿಯ ಮೂಲೆಯ ಕೋಣೆವರೆಗೆ ವೈರ್ ಹೋಗುವ ದಾರಿಯಲ್ಲೇ ಟೇಪ್ ಹಿಡಿದು ಅಳೆಸಿ, ತಗಡಿನ ಕೆಳಗಿನ ಬಿಸಿಯನ್ನೂ ನೆನಪಿಡಿ ಅಂದಿದ್ದೆ. ನಿನ್ನೆ ಸಂಜೆ ಫೋನ್ ಬಂತು. ಕಂಪೌಂಡರ್ ಹುಡುಗನ ಜೊತೆ ತಾವೇ ಏಣಿ ಹತ್ತಿ ಅಳೆದರಂತೆ.

"97 ಬಂತಲ್ರೀ."

"ಮ್ಯಾಲಿನ ಮಹಡಿಯೊಳಗ ಇನ್ನೊಂದ ರ‍್ಯಾಕಿಗೆ ಜಾಗ ನೋಡ್ರಿ ಡಾಕ್ಟ್ರ, ನಡುವ ಫೈಬರ್ ಹಾಕೋಣು" ಅಂದೆ.